ಮದುವೆ ಆಮಂತ್ರಣ ತೆರೆದರೆ ಬ್ಯಾಂಕ್ ಖಾತೆ ಖಾಲಿಯಾಗುತ್ತದೆಯೇ? ಎಪಿಕೆ ಫೈಲ್‌ಗಳ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ವಾಟ್ಸಾಪ್ ಗುಂಪುಗಳಲ್ಲಿ ಒಂದು ಎಚ್ಚರಿಕೆಯ ಸಂದೇಶ ಆಗಾಗ ಸುತ್ತು ಹೊಡೆಯುತ್ತಿರುತ್ತದೆ. ಅಪರಿಚಿತರು ಕಳಿಸಿದ ಮದುವೆ ಆಮಂತ್ರಣದ ಫೋಟೋ ತೆರೆದರೆ ಸಾಕು, ಮೊಬೈಲ್ ಹ್ಯಾಕ್ ಆಗುತ್ತದೆ, ಬ್ಯಾಂಕಿನಲ್ಲಿರುವ ಹಣವೆಲ್ಲ ಹೋಗುತ್ತದೆ, ಇದನ್ನು ಕೂಡಲೇ ಎಲ್ಲ ಗುಂಪುಗಳಿಗೂ ಕಳಿಸಿ ಎನ್ನುವುದು ಅದರ ಸಾರಾಂಶ.

ಈ ಸಂದೇಶ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮದುವೆ ಆಮಂತ್ರಣದ ಹೆಸರಿನಲ್ಲಿ ಮೋಸ ನಡೆಯುತ್ತಿರುವುದು ನಿಜ. 2024ರ ನವೆಂಬರ್‌ನಲ್ಲಿ ಹಿಮಾಚಲ ಪ್ರದೇಶದ ಸೈಬರ್ ಪೊಲೀಸರು ಇದರ ಬಗ್ಗೆಯೇ ಜನರನ್ನು ಎಚ್ಚರಿಸಿದ್ದರು. ಆದರೆ ಇಲ್ಲಿ ಹಣ ಕದಿಯುವುದು ಫೋಟೋ ಅಲ್ಲ, ಆಮಂತ್ರಣದ ವೇಷ ಹಾಕಿಕೊಂಡು ಬರುವ ಒಂದು ಆ್ಯಪ್.

ಫೋಟೋ ಆದರೇನು, ಆ್ಯಪ್ ಆದರೇನು, ಎರಡೂ ಅಪಾಯವೇ ತಾನೇ ಎಂದು ನೀವು ಕೇಳಬಹುದು. ವ್ಯತ್ಯಾಸ ಗೊತ್ತಿಲ್ಲದಿದ್ದರೆ ಎರಡು ತೊಂದರೆಗಳಾಗುತ್ತವೆ. ಒಂದು, ಎಲ್ಲ ಫೋಟೋಗಳಿಗೂ ಹೆದರುವವರು ಹತ್ತಾರು ನಿಜವಾದ ಆಮಂತ್ರಣಗಳನ್ನು ತೆರೆದು ಏನೂ ಆಗದಿದ್ದಾಗ ಹೆದರುವುದನ್ನೇ ಬಿಡುತ್ತಾರೆ. ಎರಡು, ‘ಅಪರಿಚಿತರು’ ಎನ್ನುವ ಪದವನ್ನು ನಂಬಿಕೊಂಡವರು ಪರಿಚಿತರ ನಂಬರ್‌ನಿಂದ ಬಂದ ಫೈಲನ್ನು ಹಿಂದೆಮುಂದೆ ನೋಡದೆ ತೆರೆಯುತ್ತಾರೆ. ಈ ಮೋಸ ಹರಡುವುದೇ ಹೆಚ್ಚಾಗಿ ಪರಿಚಿತರ ನಂಬರ್‌ಗಳ ಮೂಲಕ. ಅದು ಹೇಗೆ ಎಂಬುದನ್ನು ನೋಡೋಣ.

ಎಪಿಕೆ ಎಂದರೇನು?

ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್ ಹಾಕಿಕೊಳ್ಳಲು ಬಳಸುವ ಫೈಲ್‌ಗೆ ಎಪಿಕೆ ಎಂದು ಹೆಸರು. ಒಂದು ಆ್ಯಪ್ ನಡೆಯಲು ಬೇಕಾದ ಕೋಡ್, ಚಿತ್ರಗಳು, ಆ್ಯಪ್‌ಗೆ ಯಾವ ಯಾವ ಅನುಮತಿ ಬೇಕು ಎನ್ನುವ ಪಟ್ಟಿ ಎಲ್ಲವನ್ನೂ ಒಂದೇ ಗಂಟಾಗಿ ಕಟ್ಟಿರುತ್ತಾರೆ. ಪ್ಲೇ ಸ್ಟೋರ್‌ನಿಂದ ಆ್ಯಪ್ ಹಾಕಿಕೊಂಡಾಗಲೂ ಇಂಥ ಗಂಟೇ ಬಂದು ಬಿಚ್ಚಿಕೊಳ್ಳುತ್ತದೆ, ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಎಪಿಕೆ ಎಂದ ಮಾತ್ರಕ್ಕೆ ಅದು ವೈರಸ್ ಎಂದರ್ಥವಲ್ಲ. ಆದರೆ ಮದುವೆಯ ಆಮಂತ್ರಣ ಎಪಿಕೆ ಆಗಿರಲು ಯಾವ ಕಾರಣವೂ ಇಲ್ಲ. ಆಮಂತ್ರಣ ಫೋಟೋ ಆಗಿರಬಹುದು, ವಿಡಿಯೋ ಆಗಿರಬಹುದು, ಪಿಡಿಎಫ್ ಆಗಿರಬಹುದು. ಸಂಚಾರ ನಿಯಮ ಉಲ್ಲಂಘನೆಯ ಚಲನ್, ಕರೆಂಟ್ ಬಿಲ್, ಬ್ಯಾಂಕ್ ಕೆವೈಸಿ, ಪಿಎಂ ಕಿಸಾನ್ ಪಟ್ಟಿ ಇವುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಇವು ಯಾವುವೂ ವಾಟ್ಸಾಪ್‌ನಲ್ಲಿ ಆ್ಯಪ್ ರೂಪದಲ್ಲಿ ಬರುವುದಿಲ್ಲ. ಫೈಲಿನ ಹೆಸರಿನ ಕೊನೆಯಲ್ಲಿ ಚುಕ್ಕೆಯ ಮುಂದೆ ಎಪಿಕೆ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದರೆ, ಕಳಿಸಿದವರು ಯಾರೇ ಆಗಿರಲಿ, ತೆರೆಯಬೇಡಿ.

ಐಫೋನ್‌ನಲ್ಲಿ ಎಪಿಕೆ ಫೈಲ್ ಇನ್‌ಸ್ಟಾಲ್ ಆಗುವುದೇ ಇಲ್ಲ. ಆದ್ದರಿಂದ ಈ ನಿರ್ದಿಷ್ಟ ಮೋಸ ಆಂಡ್ರಾಯ್ಡ್ ಬಳಸುವವರಿಗೆ ಸಂಬಂಧಿಸಿದ್ದು. ನಕಲಿ ಲಿಂಕ್, ನಕಲಿ ಕರೆಗಳ ಅಪಾಯ ಮಾತ್ರ ಐಫೋನ್‌ನವರಿಗೂ ಇದ್ದೇ ಇದೆ.

ಕಳ್ಳ ಒಳಗೆ ಬರುವುದು ಹೇಗೆ?

ಫೈಲ್ ನಿಮ್ಮ ಫೋನಿಗೆ ಬಂದು ಬಿದ್ದ ಮಾತ್ರಕ್ಕೆ ಹಣ ಹೋಗುವುದಿಲ್ಲ. ನಡುವೆ ನಾಲ್ಕು ಬಾಗಿಲುಗಳಿವೆ. ನಾಲ್ಕನ್ನೂ ತೆರೆಯುವವರು ನಾವೇ.

ಮೊದಲನೆಯದು, ಫೈಲ್ ಮೇಲೆ ಒತ್ತುವುದು. ಇದು ಎಪಿಕೆ ಎಂದು ಇಲ್ಲೇ ಗಮನಿಸಿದರೆ ವಿಷಯ ಮುಗಿಯಿತು.

ಎರಡನೆಯದು, ಅಪರಿಚಿತ ಮೂಲದಿಂದ ಆ್ಯಪ್ ಹಾಕಿಕೊಳ್ಳಲು ಒಪ್ಪಿಗೆ. ವಾಟ್ಸಾಪ್‌ನಿಂದ ಎಪಿಕೆ ತೆರೆಯಲು ಹೋದರೆ, ನಿಮ್ಮ ಸುರಕ್ಷತೆಗಾಗಿ ಈ ಮೂಲದಿಂದ ಆ್ಯಪ್ ಹಾಕಲು ಅವಕಾಶವಿಲ್ಲ ಎನ್ನುವ ಅರ್ಥದ ಸೂಚನೆ ಬರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ನಾವೇ ಅದನ್ನು ಸಡಿಲಿಸಬೇಕು. ಮೊದಲೆಲ್ಲ ಇಡೀ ಫೋನಿಗೆ ಇಂಥ ಒಂದೇ ಸ್ವಿಚ್ ಇತ್ತು. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ವಾಟ್ಸಾಪ್‌ಗೆ ಬೇರೆ, ಬ್ರೌಸರ್‌ಗೆ ಬೇರೆ ಎಂದು ಪ್ರತಿ ಆ್ಯಪ್‌ಗೂ ಪ್ರತ್ಯೇಕ ಒಪ್ಪಿಗೆ ಕೊಡಬೇಕಾಗಿದೆ.

ಮೂರನೆಯದು, ಇನ್‌ಸ್ಟಾಲ್ ಬಟನ್. ಆಮಂತ್ರಣ ನೋಡಲು ‘ಇನ್‌ಸ್ಟಾಲ್’ ಏಕೆ ಒತ್ತಬೇಕು ಎಂಬ ಪ್ರಶ್ನೆ ಇಲ್ಲಿಯಾದರೂ ಏಳಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಆ್ಯಪ್ ತೆರೆದ ಕೂಡಲೇ ಎಸ್‌ಎಂಎಸ್ ಓದಲು, ಕಾಂಟ್ಯಾಕ್ಟ್ ಪಟ್ಟಿ ನೋಡಲು, ನೋಟಿಫಿಕೇಶನ್ ಓದಲು ಅನುಮತಿ ಕೇಳುತ್ತದೆ. ಕೆಲವು ಆ್ಯಪ್‌ಗಳು ಆ್ಯಕ್ಸೆಸಿಬಿಲಿಟಿ ಅನುಮತಿಯನ್ನೂ ಕೇಳುತ್ತವೆ. ಇದು ದೃಷ್ಟಿ ತೊಂದರೆ ಇರುವವರಿಗೆ ಪರದೆಯ ಮೇಲಿರುವುದನ್ನು ಓದಿ ಹೇಳಲು, ಕೈ ಆಡಿಸಲು ಕಷ್ಟವಿರುವವರ ಪರವಾಗಿ ಬಟನ್ ಒತ್ತಲು ಮಾಡಿದ ಒಳ್ಳೆಯ ಸೌಲಭ್ಯ. ಅದೇ ಅನುಮತಿ ಕಳ್ಳನ ಕೈಗೆ ಸಿಕ್ಕರೆ, ಪರದೆಯ ಮೇಲಿರುವುದನ್ನು ಅವನು ಓದಬಹುದು, ನಿಮ್ಮ ಪರವಾಗಿ ಬಟನ್ ಒತ್ತಬಹುದು.

ಎಸ್‌ಎಂಎಸ್ ಓದಲು ಬಿಟ್ಟರೆ ಏನಾಗುತ್ತದೆ? ಬ್ಯಾಂಕ್ ಕಳಿಸುವ ಒಟಿಪಿ ನಿಮಗೆ ಕಾಣುವಷ್ಟರಲ್ಲಿ ಅವರಿಗೂ ತಲುಪುತ್ತದೆ. ‘ನಾನು ಯಾರಿಗೂ ಒಟಿಪಿ ಹೇಳಿಲ್ಲ, ಆದರೂ ಹಣ ಹೋಯಿತು’ ಎಂದು ಹೇಳುವ ಎಷ್ಟೋ ಜನ ಸುಳ್ಳು ಹೇಳುತ್ತಿರುವುದಿಲ್ಲ. ಅವರು ಬಾಯಿಬಿಟ್ಟು ಹೇಳಿಲ್ಲ, ಫೋನಿನೊಳಗೆ ಕುಳಿತ ಆ್ಯಪ್ ಹೇಳಿರುತ್ತದೆ. ಒಟಿಪಿಯೊಂದೇ ಸಾಲದಿದ್ದರೆ ಕಾರ್ಡ್ ನಂಬರ್, ಪಿನ್ ಪಡೆಯಲು ಬ್ಯಾಂಕಿನ ಪುಟದಂತೆಯೇ ಕಾಣುವ ನಕಲಿ ಪುಟವನ್ನು ಮುಂದಿಡುತ್ತಾರೆ.

ಇನ್ನು ಪರಿಚಿತರ ನಂಬರ್ ವಿಷಯ. ಎಸ್‌ಎಂಎಸ್ ಓದಲು ಸಾಧ್ಯವಾದರೆ ವಾಟ್ಸಾಪ್ ಕಳಿಸುವ ಆರಂಕಿಯ ಸಂಖ್ಯೆಯನ್ನೂ ಓದಬಹುದು. ಅದರಿಂದ ನಿಮ್ಮ ವಾಟ್ಸಾಪ್ ಖಾತೆಯನ್ನೇ ವಶಪಡಿಸಿಕೊಂಡು, ನಿಮ್ಮ ಹೆಸರಿನಲ್ಲಿ, ನಿಮ್ಮ ಡಿಪಿ ಸಮೇತ ಅದೇ ಫೈಲನ್ನು ನಿಮ್ಮ ಬಂಧುಬಳಗಕ್ಕೆಲ್ಲ ಕಳಿಸುತ್ತಾರೆ. ಚಿಕ್ಕಪ್ಪನ ನಂಬರ್‌ನಿಂದ ‘ಮನೆಮಂದಿಯೆಲ್ಲ ಬರಬೇಕು’ ಎಂದು ಆಮಂತ್ರಣ ಬಂದರೆ ಯಾರು ತಾನೇ ಅನುಮಾನಪಡುತ್ತಾರೆ? ಮೋಸಗಾರರು ಬಳಸಿಕೊಳ್ಳುವುದು ನಮ್ಮ ದಡ್ಡತನವನ್ನಲ್ಲ, ನಮ್ಮ ನಡುವಿನ ವಿಶ್ವಾಸವನ್ನು.

ಕರ್ನಾಟಕಕ್ಕೂ ಬಂದಿತ್ತು

ಇದು ಎಲ್ಲೋ ದೂರದ ಕಥೆಯಲ್ಲ. 2024ರಲ್ಲಿ ಸೈಬರ್ ಭದ್ರತಾ ಸಂಸ್ಥೆ ಕ್ಲೌಡ್‌ಸೆಕ್ ಇಂಥ ಒಂದು ಜಾಲದ ವಿವರಗಳನ್ನು ಹೊರಗಿಟ್ಟಿತು. ಸಂಚಾರ ಪೊಲೀಸರ ಚಲನ್ ಎಂಬಂತೆ ವಾಟ್ಸಾಪ್ ಸಂದೇಶ ಕಳಿಸಿ, ಪರಿವಾಹನ್ ಹೆಸರಿನ ನಕಲಿ ಆ್ಯಪ್ ಹಾಕಿಸುತ್ತಿದ್ದ ಜಾಲವದು. ಇದರ ಹಿಂದೆ ವಿಯೆಟ್ನಾಂ ಮೂಲದವರಿದ್ದಾರೆ ಎಂದು ಸಂಸ್ಥೆ ಹೇಳಿತ್ತು. ಅದರ ಲೆಕ್ಕದಲ್ಲಿ 4400ಕ್ಕೂ ಹೆಚ್ಚು ಫೋನ್‌ಗಳು ಇದಕ್ಕೆ ಬಲಿಯಾಗಿದ್ದವು. ಹೆಚ್ಚು ಬಾಧಿತವಾದ ರಾಜ್ಯಗಳಲ್ಲಿ ಗುಜರಾತ್ ಮೊದಲು, ಅದರ ನಂತರ ಕರ್ನಾಟಕ.

ಚಲನ್ ಇದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ಸಂದೇಶದಲ್ಲಿರುವ ಲಿಂಕ್ ಒತ್ತಬೇಡಿ. ಪೊಲೀಸ್ ಇಲಾಖೆ ಅಥವಾ ಪರಿವಾಹನ್ ಜಾಲತಾಣಕ್ಕೆ ನೀವೇ ಹೋಗಿ ಗಾಡಿ ನಂಬರ್ ಹಾಕಿ ನೋಡಿ.

ಬಾಗಿಲನ್ನೇ ಮುಚ್ಚಿಬಿಡಬಾರದೇ?

‘ಪ್ಲೇ ಸ್ಟೋರ್ ಬಿಟ್ಟು ಬೇರೆಲ್ಲಿಂದಲೂ ಆ್ಯಪ್ ಹಾಕಲು ಆಗದಂತೆ ಮಾಡಿದರೆ ಸಮಸ್ಯೆಯೇ ಇರುವುದಿಲ್ಲವಲ್ಲ?’ ಇದು ಅನೇಕರು ಕೇಳುವ ನ್ಯಾಯವಾದ ಪ್ರಶ್ನೆ. ಗೂಗಲ್ ಈ ದಿಕ್ಕಿನಲ್ಲಿ ಈಗಾಗಲೇ ಕೆಲವು ಹೆಜ್ಜೆ ಇಟ್ಟಿದೆ.

2022ರ ಆಂಡ್ರಾಯ್ಡ್ 13ರಲ್ಲಿ, ಹೊರಗಿನಿಂದ ಹಾಕಿದ ಆ್ಯಪ್‌ಗಳಿಗೆ ಆ್ಯಕ್ಸೆಸಿಬಿಲಿಟಿ ಅನುಮತಿ ಸುಲಭವಾಗಿ ಸಿಗದಂತೆ ಅಡ್ಡಗೋಡೆ ಹಾಕಲಾಯಿತು. 2024ರ ಫೆಬ್ರವರಿಯಲ್ಲಿ ಸಿಂಗಪುರದಲ್ಲಿ ಇನ್ನೊಂದು ಪ್ರಯೋಗ ಶುರುವಾಯಿತು. ಬ್ರೌಸರ್, ಮೆಸೇಜಿಂಗ್ ಆ್ಯಪ್ ಅಥವಾ ಫೈಲ್ ಮ್ಯಾನೇಜರ್ ಮೂಲಕ ಬಂದ ಆ್ಯಪ್ ಎಸ್‌ಎಂಎಸ್, ನೋಟಿಫಿಕೇಶನ್ ಅಥವಾ ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳುವಂಥದ್ದಾಗಿದ್ದರೆ ಗೂಗಲ್ ಪ್ಲೇ ಪ್ರೊಟೆಕ್ಟ್ ಅದನ್ನು ಇನ್‌ಸ್ಟಾಲ್ ಆಗುವ ಮೊದಲೇ ತಡೆಯುತ್ತದೆ. ಇದನ್ನು ಭಾರತಕ್ಕೂ ತರುವುದಾಗಿ ಗೂಗಲ್ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು.

ದೊಡ್ಡ ಸುದ್ದಿ ಬಂದದ್ದು 2025ರ ಆಗಸ್ಟ್‌ನಲ್ಲಿ. ಇನ್ನು ಮುಂದೆ ಆ್ಯಪ್ ತಯಾರಿಸುವವರು ಯಾರೆಂದು ಗೂಗಲ್ ಬಳಿ ಗುರುತು ದೃಢಪಡಿಸಿಕೊಳ್ಳಬೇಕು. ಹಾಗೆ ಮಾಡದವರ ಆ್ಯಪ್, ಪ್ಲೇ ಸ್ಟೋರ್ ಹೊರಗಿನಿಂದ ತಂದರೂ, ಗೂಗಲ್ ಮಾನ್ಯತೆ ಪಡೆದ ಆಂಡ್ರಾಯ್ಡ್ ಫೋನ್‌ಗಳಲ್ಲಿ ಇನ್‌ಸ್ಟಾಲ್ ಆಗುವುದಿಲ್ಲ. 2026ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ ಮತ್ತು ಥಾಯ್ಲೆಂಡ್‌ಗಳಲ್ಲಿ ಆರಂಭಿಸಿ, 2027ರಿಂದ ಉಳಿದ ದೇಶಗಳಿಗೆ ವಿಸ್ತರಿಸುವುದು ಪ್ರಕಟಿಸಿದ ಯೋಜನೆ. ಇಂಟರ್ನೆಟ್‌ನ ಬೇರೆ ಬೇರೆ ಮೂಲಗಳಿಂದ ಬರುವ ಆ್ಯಪ್‌ಗಳಲ್ಲಿ ಪ್ಲೇ ಸ್ಟೋರ್‌ಗಿಂತ 50 ಪಟ್ಟಿಗೂ ಹೆಚ್ಚು ಮಾಲ್‌ವೇರ್ ಕಂಡುಬಂದಿದೆ ಎಂದು ಗೂಗಲ್ ಇದಕ್ಕೆ ಕಾರಣ ಕೊಟ್ಟಿತು.

ಇದರ ಬಗ್ಗೆ ಎರಡು ಬಗೆಯ ಅಭಿಪ್ರಾಯಗಳಿವೆ. ಎರಡರಲ್ಲೂ ಹುರುಳಿದೆ.

ಪರವಾಗಿರುವವರ ವಾದ ಸರಳ. ಊರಿಗೆ ಹೊಸಬರು ಬಂದು ಅಂಗಡಿ ಇಟ್ಟರೆ ಯಾರು, ಎಲ್ಲಿಯವರು ಎಂದು ಕೇಳುವುದಿಲ್ಲವೇ? ಇಂದು ಸಿಕ್ಕಿಬಿದ್ದ ಮೋಸಗಾರ ನಾಳೆ ಬೇರೆ ಹೆಸರಿನಲ್ಲಿ ಇನ್ನೊಂದು ಆ್ಯಪ್ ಬಿಡುವುದು ಈಗ ತೀರಾ ಸುಲಭ. ಗುರುತು ಕೊಡಲೇಬೇಕಾದರೆ ಅದು ಅಷ್ಟು ಸುಲಭವಾಗುವುದಿಲ್ಲ. ಜೀವಮಾನದ ಪಿಂಚಣಿ ಹಣ ಕಳೆದುಕೊಂಡವರಿಗೆ ‘ಮುಕ್ತ ತಂತ್ರಜ್ಞಾನ’ದ ಮಾತು ಹೇಳಿ ಏನು ಪ್ರಯೋಜನ?

ವಿರೋಧಿಸುವವರ ವಾದವನ್ನೂ ಕೇಳಬೇಕು. ಎಫ್-ಡ್ರಾಯ್ಡ್ ಎಂಬುದು 2010ರಿಂದ ನಡೆಯುತ್ತಿರುವ ಮುಕ್ತ ತಂತ್ರಾಂಶಗಳ ಭಂಡಾರ. ಸ್ವಯಂಸೇವಕರು ಮಾಡಿದ, ಜಾಹೀರಾತಿಲ್ಲದ ನೂರಾರು ಆ್ಯಪ್‌ಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ಈ ನಿಯಮ ಬಂದರೆ ತಮ್ಮ ಕೆಲಸವೇ ನಿಲ್ಲಬಹುದು ಎಂದು ಅದು ಬಹಿರಂಗವಾಗಿ ಆಕ್ಷೇಪಿಸಿತು. ನಮ್ಮ ನೆಲದ ಉದಾಹರಣೆಯೂ ಇದೆ. ಬೆಂಗಳೂರಿನ ಫೋನ್‌ಪೇ 2024ರ ಫೆಬ್ರವರಿಯಲ್ಲಿ ಇಂಡಸ್ ಎಂಬ ಆ್ಯಪ್ ಸ್ಟೋರ್ ಆರಂಭಿಸಿತು. ಕನ್ನಡವೂ ಸೇರಿ 12 ಭಾರತೀಯ ಭಾಷೆಗಳಲ್ಲಿ ಅದನ್ನು ಬಳಸಬಹುದು. ಪ್ಲೇ ಸ್ಟೋರ್ ತನ್ನೊಳಗೆ ಬೇರೆ ಆ್ಯಪ್ ಸ್ಟೋರ್‌ಗಳನ್ನು ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಇಂಥ ಸ್ಟೋರನ್ನು ಫೋನ್ ಕಂಪನಿಯೇ ಹಾಕಿ ಕೊಡಬೇಕು, ಇಲ್ಲವೇ ಬಳಕೆದಾರರು ಅದರ ಜಾಲತಾಣದಿಂದ ಎಪಿಕೆ ರೂಪದಲ್ಲಿ ಹಾಕಿಕೊಳ್ಳಬೇಕು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟ್ ಆ್ಯಪನ್ನು ಗೆಳೆಯರ ಫೋನಿನಲ್ಲಿ ಹಾಕಿ ನೋಡುವುದೂ ಹೀಗೆಯೇ. ಎಲ್ಲ ಬಾಗಿಲುಗಳ ಬೀಗದ ಕೈ ಒಂದೇ ಕಂಪನಿಯ ಸೊಂಟದಲ್ಲಿದ್ದರೆ ನಾಳೆ ಅದು ಯಾರನ್ನು ಒಳಗೆ ಬಿಡುತ್ತದೆ, ಯಾರನ್ನು ಬಿಡುವುದಿಲ್ಲ ಎಂದು ಕೇಳುವವರು ಯಾರು?

ಭಾರತದಲ್ಲಿ ಈ ಪ್ರಶ್ನೆ ಹೊಸದಲ್ಲ. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆಂಡ್ರಾಯ್ಡ್ ಪ್ರಕರಣದಲ್ಲಿ ಗೂಗಲ್‌ಗೆ 1337.76 ಕೋಟಿ ರೂಪಾಯಿ ದಂಡ ವಿಧಿಸಿತು. ಹೊರಗಿನಿಂದ ಆ್ಯಪ್ ಹಾಕುವುದಕ್ಕೆ ಅಡ್ಡಿಪಡಿಸಬಾರದು ಎಂದೂ ಆಗ ಆದೇಶಿಸಿತ್ತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ಈ ಆದೇಶವೂ ಸೇರಿದಂತೆ ನಾಲ್ಕು ನಿರ್ದೇಶನಗಳನ್ನು ರದ್ದುಪಡಿಸಿತು.

ಟೀಕೆಗಳ ನಂತರ ಗೂಗಲ್ 2025ರ ನವೆಂಬರ್‌ನಲ್ಲಿ ತನ್ನ ಯೋಜನೆಯನ್ನು ಸ್ವಲ್ಪ ಸಡಿಲಿಸಿತು. ವಿದ್ಯಾರ್ಥಿಗಳಿಗೆ, ಹವ್ಯಾಸಿಗಳಿಗೆ ಪ್ರತ್ಯೇಕ ಖಾತೆ ಕೊಡುವುದಾಗಿ ಹೇಳಿತು. ಅಪಾಯ ಗೊತ್ತಿದ್ದೂ ಗುರುತಿಲ್ಲದ ಆ್ಯಪ್ ಹಾಕಿಕೊಳ್ಳಬಯಸುವ ಅನುಭವಿಗಳಿಗೆ ಬೇರೆ ದಾರಿ ಬಿಡುವುದಾಗಿಯೂ ತಿಳಿಸಿತು. ಯಾರೋ ಫೋನಿನಲ್ಲಿ ಹೆದರಿಸಿ ‘ಈ ಬಟನ್ ಒತ್ತಿ, ಆ ಬಟನ್ ಒತ್ತಿ’ ಎಂದು ಹೇಳಿಕೊಡುತ್ತಿದ್ದರೆ ಸುಲಭವಾಗಿ ಸಾಗಲು ಆಗದಂತೆ ಆ ದಾರಿ ಇರುತ್ತದೆ ಎನ್ನುವುದು ಅದರ ಭರವಸೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಪ್ರಯತ್ನವಿದು.

ನಮ್ಮ ಅಭಿಪ್ರಾಯ ಹೇಳುವುದಾದರೆ, ಎರಡನೆಯ ಬಾಗಿಲಿಗೆ ಕಾವಲು ಬಿಗಿಯಾಗುವುದು ಒಳ್ಳೆಯದೇ. ಆದರೆ ಕಾವಲುಗಾರನನ್ನು ನಂಬಿ ನಾವು ನಿದ್ದೆ ಹೋಗುವಂತಿಲ್ಲ. ಪ್ಲೇ ಸ್ಟೋರ್‌ನೊಳಗೂ ಕಳ್ಳರು ನುಗ್ಗಿದ್ದಾರೆ. 2022ರ ಸೆಪ್ಟೆಂಬರ್‌ನಿಂದ 2023ರ ಆಗಸ್ಟ್‌ವರೆಗೆ 2200ಕ್ಕೂ ಹೆಚ್ಚು ಸಾಲದ ಆ್ಯಪ್‌ಗಳನ್ನು ಗೂಗಲ್ ಅಲ್ಲಿಂದ ತೆಗೆದುಹಾಕಿದೆ ಎಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿತ್ತು. ಆ್ಯಪ್ ಎಲ್ಲಿಂದಲೇ ಬಂದಿರಲಿ, ನಾಲ್ಕನೆಯ ಬಾಗಿಲು, ಅಂದರೆ ಅನುಮತಿ, ಕೊನೆಗೂ ನಮ್ಮ ಕೈಯಲ್ಲೇ ಇರುತ್ತದೆ.

ಸಾಮಾನ್ಯ ತಪ್ಪು ಕಲ್ಪನೆಗಳು

‘ಫೋಟೋ ತೆರೆದರೆ ಹ್ಯಾಕ್ ಆಗುವುದೇ ಇಲ್ಲ.’
ಹಾಗೆಂದು ಖಡಾಖಂಡಿತವಾಗಿ ಹೇಳಲಾಗದು. 2025ರ ನವೆಂಬರ್‌ನಲ್ಲಿ ‘ಲ್ಯಾಂಡ್‌ಫಾಲ್’ ಎಂಬ ಬೇಹುಗಾರಿಕೆ ತಂತ್ರಾಂಶದ ವಿವರ ಹೊರಬಂತು. ಕೆಲವು ಸ್ಯಾಮ್‌ಸಂಗ್ ಗ್ಯಾಲಕ್ಸಿ ಫೋನ್‌ಗಳ ದೋಷವೊಂದನ್ನು ಬಳಸಿಕೊಂಡು ಅದನ್ನು ಚಿತ್ರದ ಫೈಲ್ ಮೂಲಕ ಕಳಿಸಲಾಗಿತ್ತು. ಮಧ್ಯಪ್ರಾಚ್ಯದ ಆಯ್ದ ವ್ಯಕ್ತಿಗಳು ಅದರ ಗುರಿಯಾಗಿದ್ದರು. ಸ್ಯಾಮ್‌ಸಂಗ್ ಆ ದೋಷವನ್ನು 2025ರ ಏಪ್ರಿಲ್‌ನಲ್ಲೇ ಸರಿಪಡಿಸಿತ್ತು. ಇಂಥ ದಾಳಿಗಳು ದುಬಾರಿ, ಅಪರೂಪ. ಊರ ಜನರ ಉಳಿತಾಯ ಖಾತೆ ಕದಿಯುವವರು ಬಳಸುವುದು ಇದನ್ನಲ್ಲ. ಆದರೂ ಫೋನಿಗೆ ಬರುವ ಅಪ್‌ಡೇಟ್‌ಗಳನ್ನು ‘ಆಮೇಲೆ’ ಎಂದು ತಳ್ಳಿಹಾಕಬೇಡಿ ಎನ್ನಲು ಇದು ಸಾಕಷ್ಟು ಕಾರಣ.

‘ಆ್ಯಪ್ ಐಕಾನ್ ಕಾಣುತ್ತಿಲ್ಲ, ಅಂದರೆ ಅದು ಹೋಯಿತು.’
ಇಲ್ಲ. ಇಂಥ ಅನೇಕ ಆ್ಯಪ್‌ಗಳು ಒಳಸೇರಿದ ಮೇಲೆ ತಮ್ಮ ಐಕಾನ್ ಮರೆಮಾಡುತ್ತವೆ. ಸೆಟ್ಟಿಂಗ್ಸ್‌ನಲ್ಲಿರುವ ಆ್ಯಪ್‌ಗಳ ಪೂರ್ತಿ ಪಟ್ಟಿಯಲ್ಲಿ ಹುಡುಕಬೇಕು.

‘ಅನ್‌ಇನ್‌ಸ್ಟಾಲ್ ಮಾಡಿದರೆ ಸಾಕು.’
ಸಾಲದು. ಅಷ್ಟರಲ್ಲಿ ಕದ್ದ ಮಾಹಿತಿ ಅವರ ಬಳಿಯೇ ಇರುತ್ತದೆ. ಪಾಸ್‌ವರ್ಡ್, ಪಿನ್ ಬದಲಿಸಲೇಬೇಕು, ಬ್ಯಾಂಕಿಗೆ ತಿಳಿಸಲೇಬೇಕು.

ಈಗಾಗಲೇ ಇನ್‌ಸ್ಟಾಲ್ ಆಗಿಬಿಟ್ಟಿದ್ದರೆ?

ಗಾಬರಿಯಾಗಬೇಡಿ, ತಡವನ್ನೂ ಮಾಡಬೇಡಿ.

1. ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆಫ್ ಆಗಿದೆಯೇ ನೋಡಿ. ಒಳಗಿರುವ ಆ್ಯಪ್ ಹೊರಗೆ ಮಾಹಿತಿ ಕಳಿಸುವುದು ಇದರಿಂದ ನಿಲ್ಲುತ್ತದೆ.

2. ಮನೆಯವರ ಅಥವಾ ಪಕ್ಕದವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ. ಪಾಸ್‌ಬುಕ್ ಅಥವಾ ಕಾರ್ಡ್ ಹಿಂಬದಿಯಲ್ಲಿರುವ ನಂಬರ್ ಬಳಸಿ, ಗೂಗಲ್‌ನಲ್ಲಿ ಹುಡುಕಿದ ನಂಬರ್ ಬೇಡ. ಯುಪಿಐ, ಕಾರ್ಡ್, ನೆಟ್‌ಬ್ಯಾಂಕಿಂಗ್ ಎಲ್ಲವನ್ನೂ ತಡೆಹಿಡಿಯಲು ಹೇಳಿ, ದೂರಿನ ಸಂಖ್ಯೆ ಬರೆದುಕೊಳ್ಳಿ.

3. ಹಣ ಹೋಗಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ಜಾರುತ್ತಿರುತ್ತದೆ. ಅದು ಎಟಿಎಂನಿಂದ ಹೊರಬೀಳುವ ಮೊದಲು ತಡೆಯಬೇಕಾದರೆ ಮೊದಲ ಒಂದೆರಡು ಗಂಟೆಗಳೇ ಮುಖ್ಯ. ನಾಳೆ ಬೆಳಿಗ್ಗೆ ಬ್ಯಾಂಕಿಗೆ ಹೋದರಾಯಿತು ಎನ್ನುವುದು ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

4. ಕಾಂಟ್ಯಾಕ್ಟ್‌ನಲ್ಲಿರುವವರಿಗೆ, ಮನೆ ಗುಂಪುಗಳಿಗೆ ಬೇರೆ ಫೋನಿನಿಂದ ತಿಳಿಸಿ: ‘ನನ್ನ ನಂಬರ್‌ನಿಂದ ಬಂದ ಫೈಲ್ ತೆರೆಯಬೇಡಿ.’ ಇದಕ್ಕೆ ನಾಚಿಕೆ ಬೇಡ.

5. ನಂತರ ಫೋನಿನಲ್ಲಿ ಆ ಆ್ಯಪ್‌ಗೆ ಕೊಟ್ಟ ಅನುಮತಿ ಹಿಂತೆಗೆದುಕೊಂಡು ಅದನ್ನು ತೆಗೆಯಿರಿ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಇನ್ನೂ ನಿಶ್ಚಿಂತೆ. ಪಾಸ್‌ವರ್ಡ್‌ಗಳನ್ನು ಬೇರೆ ಸುರಕ್ಷಿತ ಫೋನಿನಿಂದ ಬದಲಿಸಿ. ವಾಟ್ಸಾಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ನೋಡಿ, ಗೊತ್ತಿಲ್ಲದ್ದನ್ನು ತೆಗೆದು, ಎರಡು ಹಂತದ ಪಿನ್ ಹಾಕಿಕೊಳ್ಳಿ.

ಬ್ಯಾಂಕಿಗೆ ಬೇಗ ತಿಳಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕರ ಅಜಾಗರೂಕತೆಯಿಂದ ನಷ್ಟವಾಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದ್ದು. ತಪ್ಪು ಗ್ರಾಹಕರದ್ದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ, ಮೂರನೆಯವರಿಂದ ಆದದ್ದು ಎಂದಾದರೆ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟ ಗ್ರಾಹಕರ ಮೇಲೆ ಹೊಣೆ ಬೀಳುವುದಿಲ್ಲ. ಹಾಗಾಗಿ ಕರೆ ಮಾಡಿದ ಸಮಯ, ದೂರಿನ ಸಂಖ್ಯೆ ಎರಡೂ ನಿಮ್ಮ ಬಳಿ ಇರಲೇಬೇಕು.

ಮನೆಯ ಹಿರಿಯರ ಫೋನಿಗಾಗಿ ಐದು ನಿಮಿಷ

ಅಪ್ಪ, ಅಮ್ಮ, ಅಜ್ಜಿಯ ಫೋನ್ ಕೈಗೆ ಸಿಕ್ಕಾಗ ಮೂರು ಕೆಲಸ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಂದು ಹುಡುಕಿ, ವಾಟ್ಸಾಪ್, ಬ್ರೌಸರ್, ಫೈಲ್ ಮ್ಯಾನೇಜರ್‌ಗಳಿಗೆ ಅದನ್ನು ಆಫ್ ಮಾಡಿ. ಪ್ಲೇ ಸ್ಟೋರ್‌ನಲ್ಲಿ ಪ್ಲೇ ಪ್ರೊಟೆಕ್ಟ್ ಆನ್ ಇದೆಯೇ ನೋಡಿ. ಎಸ್‌ಎಂಎಸ್ ಓದುವ ಅನುಮತಿ ಯಾವ ಯಾವ ಆ್ಯಪ್‌ಗೆ ಇದೆ ಎಂದು ಪರೀಕ್ಷಿಸಿ, ಬೇಡದ್ದನ್ನು ತೆಗೆಯಿರಿ.

ಕೊನೆಯದಾಗಿ ಒಂದು ಮಾತು. ಹಣ ಕಳೆದುಕೊಂಡ ಹಿರಿಯರು ಮಕ್ಕಳು ಬೈಯುತ್ತಾರೆಂದು ಹೆದರಿ ಒಂದೆರಡು ದಿನ ಯಾರಿಗೂ ಹೇಳದೆ ಇದ್ದುಬಿಟ್ಟರೆ, ಕಳ್ಳನಿಗೆ ಬೇಕಾದ ಸಮಯ ಸಿಗುವುದೇ ಆ ಮೌನದಲ್ಲಿ. ‘ಏನೇ ಒತ್ತಿದರೂ ಬೈಯುವುದಿಲ್ಲ, ಮೊದಲು ನನಗೆ ಫೋನ್ ಮಾಡಿ’ ಎಂದು ಮನೆಯವರಿಗೆ ಇವತ್ತೇ ಹೇಳಿಟ್ಟಿರಿ.

ಹಳೆಯ ಎಚ್ಚರಿಕೆಯ ಬದಲು ಇನ್ನು ಮುಂದೆ ಇದನ್ನು ಫಾರ್ವರ್ಡ್ ಮಾಡಿ: ಆಮಂತ್ರಣ, ಚಲನ್, ಬಿಲ್ ಯಾವುದೂ ಎಪಿಕೆ ಫೈಲ್ ಆಗಿ ಬರುವುದಿಲ್ಲ. ಕಳಿಸಿದವರು ಪರಿಚಿತರೇ ಆಗಿದ್ದರೂ ತೆರೆಯುವ ಮೊದಲು ಅವರಿಗೆ ಕರೆ ಮಾಡಿ ಕೇಳಿ. ಹಣ ಹೋದರೆ ಕೂಡಲೇ 1930.